ಕಾಯದ ಬೀಜ, ಕಾದ ರೈತ

ವಿಮಾನಪುರ ಅಂದ್ರೆ ಬೆಂಗಳೂರಿನ ಹಳಬರಿಗೆ ಎರಡು ವಿಷಯ ನೆನಪಾಗುತ್ತೆ. ಒಂದು ಎಚ್‌ಎಎಲ್ ಕಾರ್ಖಾನೆ, ಇನ್ನೊಂದು ಹಳೇ ಏರ್‌ಪೋರ್ಟು. 2008ರ ಮೇ ತಿಂಗಳಲ್ಲಿ ವಿಮಾನಗಳೆಲ್ಲ ದೇವನಹಳ್ಳಿಗೆ ಹೋಗುವ ತನಕ ಈ ಊರಿಗೆ ಹಾರಿ ಬಂದವರು ಇಳಿಯುತ್ತಿದ್ದದ್ದು ಇಲ್ಲೇ. ದುಬೈಯಿಂದ ಮಾವ ಬಂದರು, ಅಮೆರಿಕದಿಂದ ಚಿಕ್ಕಪ್ಪ ಬಂದರು ಅಂದ್ರೆ ಮನೆ ಮಕ್ಕಳ ಕಣ್ಣೆಲ್ಲ ಸೂಟ್‌ಕೇಸ್ ಮೇಲೆ. ಅದರೊಳಗಿಂದ ಮೊದಲು ಹೊರಗೆ ಬರುತ್ತಿದ್ದದ್ದು ಚಾಕೊಲೇಟ್. ಆ ಬಂಗಾರದ ಕಾಗದವನ್ನೂ ಬಿಸಾಡದೆ ಪುಸ್ತಕದ ನಡುವೆ ಇಟ್ಟುಕೊಂಡವರು ನಿಮ್ಮಲ್ಲೂ ಇದ್ದೀರಿ, ಅಲ್ವಾ?

ಹೀಗಾಗಿ ನಮ್ಮ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿದೆ. ಚಾಕೊಲೇಟ್ ಅಂದ್ರೆ ವಿಮಾನದಲ್ಲಿ ಬರೋದು. ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ಹಿಮ, ಹಸು, ಗಂಟೆ. ಆದರೆ ವೀಕ್ಷಕರೇ, ಆ ಸೂಟ್‌ಕೇಸ್‌ಗಳು ಇಲ್ಲಿ ಇಳಿಯುತ್ತಿದ್ದ ಕಾಲದಲ್ಲೇ ನಮ್ಮದೇ ರಾಜ್ಯದ ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರು ಸೇರಿಕೊಂಡು ದೊಡ್ಡದೊಂದು ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿ ನಿಲ್ಲಿಸಿದ್ದರು. ಚಾಕೊಲೇಟ್ ತಿನ್ನುವ ಆಸೆಯಿಂದಲ್ಲ. ಮರದಲ್ಲಿ ಹಣ್ಣಾದ ಕಾಯಿಯನ್ನು ಕೇಳುವವರಿಲ್ಲದ ಸಂಕಟದಿಂದ.

ಈ ಕಥೆ ಅರ್ಥವಾಗಬೇಕಾದರೆ ಮೊದಲು ಆ ಮರ ನೋಡಬೇಕು.

ದಕ್ಷಿಣ ಕನ್ನಡ, ಕಾಸರಗೋಡು ಕಡೆ ಅಡಿಕೆ ತೋಟದೊಳಗೆ ಹೋದರೆ ಎತ್ತರದ ಅಡಿಕೆ ಮರಗಳ ನಡುವೆ, ನೆರಳಲ್ಲಿ, ಅಗಲ ಎಲೆಯ ಗಿಡ್ಡ ಮರ ಕಾಣುತ್ತೆ. ಅಲ್ಲಿಯವರು ಕೊಕ್ಕೊ ಅಂತಾರೆ. ಇದರ ಕಾಯಿ ಕೊಂಬೆ ತುದಿಯಲ್ಲಿ ಬಿಡಲ್ಲ, ನಮ್ಮ ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತೆ. ಹಣ್ಣಾದಾಗ ಹಳದಿ. ಒಡೆದರೆ ಒಳಗೆ ಸಾಲಾಗಿ ಮೂವತ್ತು, ನಲವತ್ತು ಬೀಜ, ಸುತ್ತ ಬಿಳಿ ಲೋಳೆ. ಆ ಲೋಳೆ ಸಿಹಿ-ಹುಳಿ, ಬಾಯಿಗೆ ಹಾಕಿದರೆ ಸೀತಾಫಲವೋ ಲಿಚಿಯೋ ಅನ್ನಬೇಕು. ಅಳಿಲು, ಇಲಿ, ಮಂಗ, ಮೂರಕ್ಕೂ ಇದರ ರುಚಿ ನಮಗಿಂತ ಮೊದಲೇ ಗೊತ್ತು. ಆದರೆ ಬೀಜ ಕಚ್ಚಿ ನೋಡಿ. ಕಹಿ, ಒಗರು. ಒಳಗೆ ನೇರಳೆ ಬಣ್ಣ. ಚಾಕೊಲೇಟಿನ ವಾಸನೆ? ಒಂಚೂರೂ ಇಲ್ಲ.

ಈ ಮರ ನಮ್ಮದಲ್ಲ, ದಕ್ಷಿಣ ಅಮೆರಿಕದ ಕಾಡಿನದು. ಮೆಕ್ಸಿಕೊದ ಅಜ್ಟೆಕ್ ಜನ ಇದರ ಬೀಜವನ್ನು ಕುಡಿಯುವುದಕ್ಕೂ ಬಳಸಿದರು, ನಾಣ್ಯದ ಹಾಗೆ ಸಂತೆಯಲ್ಲಿ ಚಲಾಯಿಸಿದರು ಕೂಡ. ಭಾರತಕ್ಕೆ ಇದನ್ನು ಮೊದಲು ತಂದದ್ದು ಈಸ್ಟ್ ಇಂಡಿಯಾ ಕಂಪನಿ. 1798ರಲ್ಲಿ ತಮಿಳುನಾಡಿನ ಕುತ್ತಾಲಂನಲ್ಲಿ ನೆಟ್ಟರು. ಆಮೇಲೆ ಹೆಚ್ಚುಕಡಿಮೆ ನೂರೈವತ್ತು ವರ್ಷ ಅದು ತೋಟಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ವಿಚಿತ್ರ ಗಿಡ, ಅಷ್ಟೇ. ಬೆಳೆ ಅಂತ ಅನ್ನಿಸಿಕೊಂಡದ್ದು 1960ರ ದಶಕದ ನಂತರ. ಚಾಕೊಲೇಟ್ ಕಂಪನಿಗೆ ಬೀಜ ಬೇಕಿತ್ತು, ವಿದೇಶಿ ವಿನಿಮಯದ ಬಿಕ್ಕಟ್ಟಿನ ಆ ದಿನಗಳಲ್ಲಿ ಆಮದು ಸುಲಭವಿರಲಿಲ್ಲ. ಕೇರಳದಲ್ಲಿ ಮೊದಲು ಬೆಳೆಸಿದರು, ಅಲ್ಲಿಂದ ನಮ್ಮ ಕರಾವಳಿಗೆ ಬಂತು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಡಿಕೆಯ ನಡುವೆ ಇದನ್ನು ನೆಟ್ಟು ನೋಡಿದರು. ಅಡಿಕೆಗೆ ಕೊಡುವ ನೀರೇ ಇದಕ್ಕೂ ಸಾಕು, ನೆರಳು ಇದಕ್ಕೆ ಬೇಕೇ ಬೇಕು, ಉದುರುವ ಎಲೆ ಮಣ್ಣಿಗೆ ಗೊಬ್ಬರ. ಹೊಸ ಜಾಗ ಬೇಡ, ಹೊಸ ಬಾವಿ ಬೇಡ. ರೈತನಿಗೆ ಇನ್ನೇನು ಬೇಕು ಹೇಳಿ? 1970ರ ದಶಕದಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲಿ ಕೊಕ್ಕೊ ಬೆಲೆ ಏರುತ್ತಾ ಹೋಯಿತು, 1977ರಲ್ಲಿ ಆವರೆಗೆ ಕಾಣದ ಎತ್ತರಕ್ಕೆ ಹೋಯಿತು. ನಮ್ಮ ತೋಟಗಳಲ್ಲೂ ನೆಟ್ಟರು, ನೆಟ್ಟರು, ನೆಡುತ್ತಲೇ ಹೋದರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ, ಇಡೀ ಕಥೆ ನಿಂತಿರೋದೇ ಇದರ ಮೇಲೆ. ಅಡಿಕೆ ಕಾಯುತ್ತದೆ. ಸುಲಿದು ಒಣಗಿಸಿದ ಅಡಿಕೆಯನ್ನು ಗೋಣಿಯಲ್ಲಿ ತುಂಬಿ ಅಟ್ಟದಲ್ಲಿಟ್ಟರೆ ರೇಟು ಬರುವ ತನಕ ಸುಮ್ಮನೆ ಕೂತಿರುತ್ತೆ. ಮಗಳ ಮದುವೆಗೋ ಮಗನ ಕಾಲೇಜು ಫೀಸಿಗೋ ಮಾರಿದರಾಯಿತು. ಕರಾವಳಿಯ ಅಡಿಕೆ ಬೆಳೆಗಾರನಿಗೆ ಅದೇ ಬ್ಯಾಂಕು. ಕೊಕ್ಕೊ ಹಾಗಲ್ಲ. ಕಾಯಿ ಒಡೆದ ಕ್ಷಣದಿಂದ ಹಸಿ ಬೀಜ ಹುಳಿಯಲು ಶುರು. ಒಂದೆರಡು ದಿನದೊಳಗೆ ಮಾರಬೇಕು, ಇಲ್ಲ ನೀವೇ ಸಂಸ್ಕರಿಸಬೇಕು. ಅದರ ಮುಖ್ಯ ಕೊಯ್ಲು ಬೀಳೋದು ಯಾವಾಗ? ಬೇಸಿಗೆಯ ಕೊನೆಗೆ, ಮುಂಗಾರು ಬಾಗಿಲಲ್ಲಿ ನಿಂತಿರುವಾಗ. ಜೂನ್ ತಿಂಗಳಲ್ಲಿ ಪುತ್ತೂರು, ಸುಳ್ಯದ ಮಳೆಯಲ್ಲಿ ಅಂಗಳದಲ್ಲಿ ಏನು ಒಣಗುತ್ತೆ ಸ್ವಾಮಿ? ಹಾಕಿದ ಬಟ್ಟೆಯೇ ಒಣಗಲ್ಲ.

ಕಾಯಲು ಆಗದವನ ಹತ್ತಿರ ವ್ಯಾಪಾರಿ ಹೇಗೆ ಮಾತಾಡ್ತಾನೆ ಅನ್ನೋದು ಕೋಲಾರದ ಟೊಮೆಟೊ ಬೆಳೆಗಾರನಿಗೆ ಚೆನ್ನಾಗಿ ಗೊತ್ತು.

1979-80ರ ಹೊತ್ತಿಗೆ ಪ್ರಪಂಚದ ಬೆಲೆ ಕುಸಿಯಿತು. ನಮ್ಮಲ್ಲಿ ಬೀಜ ಕೊಳ್ಳುತ್ತಿದ್ದ ದೊಡ್ಡ ಖಾಸಗಿ ಖರೀದಿದಾರರು ಹಿಂದೆ ಸರಿದರು. ಕಂಪನಿಯ ಲೆಕ್ಕದಲ್ಲಿ ಅದು ಒಂದು ವರ್ಷದ ಖರೀದಿ ನಿರ್ಧಾರ. ತೋಟದಲ್ಲಿ? ಮರ ಕಾಯಿ ಬಿಡುವುದನ್ನು ನಿಲ್ಲಿಸುತ್ತಾ? ಕಾಯಿ ಹಣ್ಣಾಗಿ, ಕಪ್ಪಾಗಿ, ಮರದಲ್ಲೇ ಕೊಳೆಯಿತು. ಪ್ರೀತಿಯಿಂದ ನೆಟ್ಟವರೇ ಕೊಡಲಿ ಹಿಡಿದರು. ಎಷ್ಟೋ ತೋಟಗಳಲ್ಲಿ ಕೊಕ್ಕೊ ಮರ ಸೌದೆಯಾಯಿತು.

ಇವರಿಗೆ ಇದು ಮೊದಲ ಪೆಟ್ಟೂ ಅಲ್ಲ. 1970-71ರಲ್ಲಿ ಅಡಿಕೆ ಬೆಲೆಯೇ ಬಿದ್ದು ಬೆಳೆಗಾರರು ಕಂಗೆಟ್ಟಿದ್ದರು. ಆಗ ಮುಂದೆ ಬಂದವರು ವಾರಣಾಶಿ ಸುಬ್ರಾಯ ಭಟ್. ವಿಟ್ಲದ ಹತ್ತಿರದ ಅಡ್ಯನಡ್ಕದವರು, ತಾವೇ ಕೃಷಿಕರು. ಬೆಳೆಗಾರರೇ ಖರೀದಿದಾರರಾದರೆ ಹೇಗೆ ಅನ್ನುವುದು ಅವರ ಯೋಚನೆ. ಊರೂರು ತಿರುಗಿ ಜನರನ್ನು ಒಪ್ಪಿಸಿ ಕಟ್ಟಿದ ಸಂಸ್ಥೆ ಕ್ಯಾಂಪ್ಕೊ. 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿತು. ಕರ್ನಾಟಕ ಮತ್ತು ಕೇರಳ, ಎರಡೂ ರಾಜ್ಯದ ಬೆಳೆಗಾರರು ಒಂದೇ ಸಹಕಾರಿಯ ಸದಸ್ಯರು. ಭಾಷೆಯ ಹೆಸರಲ್ಲಿ, ಗಡಿಯ ಹೆಸರಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಸುವ ನಮ್ಮಂಥ ಚಾನೆಲ್‌ನವರು ಈ ಸಾಲನ್ನು ಎರಡು ಸಲ ಓದಬೇಕು. ಕಾಸರಗೋಡಿನ ಅಡಿಕೆಗೂ ಪುತ್ತೂರಿನ ಅಡಿಕೆಗೂ ಕಷ್ಟ ಒಂದೇ ಅಂತ ಆ ರೈತರಿಗೆ 50 ವರ್ಷದ ಹಿಂದೆಯೇ ಗೊತ್ತಿತ್ತು.

ಕೊಕ್ಕೊ ಬಿದ್ದಾಗ ಜನ ಇದೇ ಕ್ಯಾಂಪ್ಕೊದ ಬಾಗಿಲಿಗೆ ಬಂದರು. ಅಡಿಕೆ ಬಲ್ಲ ಸಂಸ್ಥೆಗೆ ಕೊಕ್ಕೊ ಹೊಸದು. ಆದರೂ ಎರಡೂ ಸರ್ಕಾರಗಳ ಬೆಂಬಲದಿಂದ ಖರೀದಿಗೆ ಇಳಿಯಿತು. ಸಂಸ್ಥೆಯ ಹೆಸರಲ್ಲೂ ಅಡಿಕೆಯ ಪಕ್ಕದಲ್ಲಿ ಕೊಕ್ಕೊ ಬಂದು ಕೂತಿತು. ರೈತ ಹಸಿ ಬೀಜ ತಂದರೆ ತೂಕ ಹಾಕಿ ಕೊಂಡುಕೊಳ್ಳುವುದು. ಕೊಂಡ ಮೇಲೆ? ಅದು ಸಂಸ್ಥೆಗೂ ಕಾಯಲ್ಲವಲ್ಲ!

ಇಲ್ಲಿಂದ ಚಾಕೊಲೇಟ್ ಮಾಡುವ ವಿದ್ಯೆ ಶುರುವಾಗುತ್ತೆ. ಕಾಯದ ಬೀಜವನ್ನು ಕಾಯುವಂತೆ ಮಾಡುವ ವಿದ್ಯೆ ಅಂತಲೇ ನಾನು ಅದನ್ನು ಕರೆಯೋದು.

ಮೊದಲು ಹುದುಗಿಸಬೇಕು. ನಮ್ಮ ಅಡುಗೆಮನೆಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಉಬ್ಬಿರುತ್ತಲ್ಲ, ಅದೇ ಸಂಗತಿ, ಸ್ವಲ್ಪ ದೀರ್ಘ. ಲೋಳೆ ಸಮೇತ ಹಸಿ ಬೀಜವನ್ನು ಬುಟ್ಟಿಗೋ ಮರದ ಪೆಟ್ಟಿಗೆಗೋ ತುಂಬಿ ಬಾಳೆ ಎಲೆ, ಗೋಣಿ ಮುಚ್ಚಿ ಐದಾರು ದಿನ ಬಿಡುತ್ತಾರೆ. ಲೋಳೆಯ ಸಕ್ಕರೆಯನ್ನು ಮೊದಲು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತೆ. ಲೋಳೆ ಕರಗಿ ರಸ ಸೋರಿಹೋಗುತ್ತೆ. ಮಧ್ಯೆ ಮಧ್ಯೆ ಬೀಜವನ್ನು ಮಗುಚಿದಾಗ ಗಾಳಿ ಹೋಗಿ ಬೇರೆ ಬ್ಯಾಕ್ಟೀರಿಯಾಗಳು ಆ ಆಲ್ಕೋಹಾಲನ್ನು ವಿನೆಗರ್ ಮಾಡುತ್ತವೆ. ರಾಶಿ ಬಿಸಿಯೇರುತ್ತೆ, 45ರಿಂದ 50 ಡಿಗ್ರಿ. ಕೈ ಹಾಕಿದರೆ ಸುಡುತ್ತೆ ಅನ್ನುವಷ್ಟು. ಆ ಬಿಸಿಗೆ, ಆ ಹುಳಿಗೆ ಬೀಜದ ಜೀವ ಹೋಗುತ್ತೆ, ಅದು ಇನ್ನು ಮೊಳೆಯಲ್ಲ. ಆದರೆ ಒಳಗೆ ನೇರಳೆ ಹೋಗಿ ಕಂದು ಬರುತ್ತೆ, ಒಗರು ತಗ್ಗುತ್ತೆ, ಮುಂದೆ ಹುರಿದಾಗ ಚಾಕೊಲೇಟಿನ ಪರಿಮಳ ಕೊಡುವ ವಸ್ತುಗಳೆಲ್ಲ ಈ ಐದಾರು ದಿನದಲ್ಲೇ ಹುಟ್ಟಿಕೊಳ್ಳುತ್ತವೆ. ಇಲ್ಲಿ ಕೆಟ್ಟರೆ ಸ್ವಿಟ್ಜರ್ಲೆಂಡಿನ ಯಾವ ಮೆಷಿನ್ನೂ ಸರಿಮಾಡಲಾರದು. ಚಾಕೊಲೇಟಿನ ರುಚಿ ಹುಟ್ಟುವುದು ಹಿಮದ ದೇಶದಲ್ಲಲ್ಲ, ಮರ ಬೆಳೆಯುವ ಸೆಖೆಯ ಊರಲ್ಲಿ, ಗೋಣಿಯ ಕೆಳಗೆ.

ಆಮೇಲೆ ಒಣಗಿಸುವುದು. ಬಿಸಿಲಿದ್ದರೆ ಒಂದು ವಾರ, ಮಳೆಗಾಲದಲ್ಲಿ ಬಿಸಿಗಾಳಿಯ ಡ್ರೈಯರ್. ತೇವಾಂಶ 7 ಪರ್ಸೆಂಟಿಗೆ ಇಳಿಯಬೇಕು, ಇಲ್ಲದಿದ್ದರೆ ಬೂಸು ಹಿಡಿಯುತ್ತೆ. ಸುಮಾರು 3 ಕಿಲೋ ಹಸಿ ಬೀಜಕ್ಕೆ 1 ಕಿಲೋ ಒಣ ಬೀಜ. ಈಗ ಅದಕ್ಕೆ ಅಡಿಕೆಯ ಗುಣ ಬಂತು. ಗೋಣಿಯಲ್ಲಿ ತುಂಬಿ ಇಡಬಹುದು, ಹಡಗಿಗೆ ಹಾಕಬಹುದು, ಕಾಯಬಹುದು.

ಆದರೆ ಕ್ಯಾಂಪ್ಕೊದವರು ಕಂಡುಕೊಂಡ ಸತ್ಯ ಏನಂದ್ರೆ, ಒಣ ಬೀಜ ಇಟ್ಟುಕೊಂಡವನೂ ಮಾರಾಟಕ್ಕೆ ಮತ್ತೆ ಅದೇ ಕೆಲವು ದೊಡ್ಡ ಕಂಪನಿಗಳ ಮುಂದೆ ನಿಲ್ಲಬೇಕು. ಲಂಡನ್, ನ್ಯೂಯಾರ್ಕಿನ ಬೆಲೆಗೆ ತಲೆಬಾಗಬೇಕು. ಹಾಗಾದರೆ ಕೊನೆಯ ಮೆಟ್ಟಿಲವರೆಗೂ ನಾವೇ ಹೋದರೆ? ಅಡಿಕೆ ತೋಟದ ಜನ ಚಾಕೊಲೇಟ್ ಕಾರ್ಖಾನೆ ಕಟ್ಟುವುದಾ ಅಂತ ನಗುವುದು ಯಾರಿಗೂ ಸುಲಭವಿತ್ತು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಎದ್ದಿತು. ವಿದೇಶದಿಂದ ಯಂತ್ರಗಳು ಬಂದವು. 1986ರ ಸೆಪ್ಟೆಂಬರ್ 1ರಂದು ಅದನ್ನು ಉದ್ಘಾಟಿಸಿದವರು ಆಗಿನ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್. ದೇಶದ ರಾಷ್ಟ್ರಪತಿ ಪುತ್ತೂರಿಗೆ ಬಂದು ರೈತರ ಚಾಕೊಲೇಟ್ ಕಾರ್ಖಾನೆಯ ಬಾಗಿಲು ತೆರೆದದ್ದು ನಮ್ಮ ಶಾಲೆಯ ಯಾವ ಪಾಠದಲ್ಲೂ ನಾನು ಓದಲಿಲ್ಲ.

ಆ ಬಾಗಿಲ ಒಳಗೆ ಏನಾಗುತ್ತೆ? ಚಿಕ್ಕಮಗಳೂರಿನ ಕಾಫಿ ಹುರಿಯುವುದನ್ನು ನೋಡಿದವರಿಗೆ ಮೊದಲ ಹಂತ ಹೇಳಬೇಕಿಲ್ಲ. ಒಣ ಬೀಜ ಶುಚಿ ಮಾಡಿ ಹುರಿಯುತ್ತಾರೆ, ಪರಿಮಳ ಏಳುತ್ತೆ. ಬೀಜ ಒಡೆದು, ಮೊರದಲ್ಲಿ ಕೇರಿದ ಹಾಗೆ ಗಾಳಿ ಹಾಯಿಸಿ ಸಿಪ್ಪೆ ಹಾರಿಸುತ್ತಾರೆ. ಉಳಿದ ನುಚ್ಚನ್ನು ಅರೆದರೆ ಪುಡಿಯಾಗಲ್ಲ, ನೀರಾಗುತ್ತೆ! ಯಾಕೆಂದರೆ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬು. ಅರೆಯುವ ಬಿಸಿಗೆ ಕರಗಿ ಕಪ್ಪು ದ್ರವ ಹರಿಯುತ್ತೆ. ಇದನ್ನು ಒತ್ತಿ ಹಿಂಡಿದರೆ ಒಂದು ಕಡೆ ತಿಳಿಹಳದಿ ಕೊಕ್ಕೊ ಬೆಣ್ಣೆ, ಇನ್ನೊಂದು ಕಡೆ ಹಿಂಡಿ. ಎಳ್ಳೆಣ್ಣೆ ಗಾಣದ ಲೆಕ್ಕವೇ. ಆ ಹಿಂಡಿ ಪುಡಿ ಮಾಡಿದರೆ ಕೊಕ್ಕೊ ಪೌಡರ್, ನಿಮ್ಮ ಮನೆಯ ಕೇಕಿಗೆ ಬೀಳೋದು. ಈ ಹಿಂಡುವ ಉಪಾಯ ಹಾಲೆಂಡಿನ ವ್ಯಾನ್ ಹೌಟೆನ್‌ರದ್ದು, 1828ರದ್ದು. ಅಲ್ಲಿಯ ತನಕ ಯುರೋಪಿನವರು ಚಾಕೊಲೇಟನ್ನು ಕುಡಿಯುತ್ತಿದ್ದರು. ಹಿಂಡಿ ತೆಗೆದ ಬೆಣ್ಣೆಯನ್ನು ಅರೆದ ಕೊಕ್ಕೊಗೆ, ಸಕ್ಕರೆಗೆ ಮತ್ತೆ ಸೇರಿಸಿ ಅಚ್ಚು ಹೊಯ್ದು ತಿನ್ನುವ ಬಾರ್ ಮಾಡಿದ್ದು 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿ. ಹಾಲು ಬೆರೆತದ್ದು 1875ರಲ್ಲಿ, ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಕೈಯಲ್ಲಿ. ಅಂದ್ರೆ ಸ್ವಿಟ್ಜರ್ಲೆಂಡಿನ ಹಸುವಿಗೆ ಈ ಕಥೆಯಲ್ಲಿ ಪ್ರವೇಶ ಸಿಕ್ಕಿದ್ದು ಬಹಳ ತಡವಾಗಿ.

ಕೊಕ್ಕೊ, ಸಕ್ಕರೆ, ಹಾಲಿನ ಪುಡಿ ಕಲಸಿದ ಮುದ್ದೆಯನ್ನು ಉಕ್ಕಿನ ಉರುಳೆಗಳ ನಡುವೆ ಹಾಯಿಸಿ, ನಾಲಿಗೆಗೆ ತರಿ ಸಿಗದಷ್ಟು ನುಣ್ಣಗೆ ಮಾಡುತ್ತಾರೆ. ಆಮೇಲೆ ಗಂಟೆಗಟ್ಟಲೆ ಬಿಸಿಯಲ್ಲಿ ತಿರುವುತ್ತಾ ಇರುವುದು, ಕಾಂಚಿಂಗ್ ಅಂತಾರೆ. 1879ರಲ್ಲಿ ಸ್ವಿಟ್ಜರ್ಲೆಂಡಿನ ಲಿಂಟ್ ಕಂಡುಹಿಡಿದದ್ದು. ಉಳಿದ ಹುಳಿ ವಾಸನೆ ಹಾರಿಹೋಗಿ ಪ್ರತಿ ಕಣಕ್ಕೂ ಬೆಣ್ಣೆ ಸವರಿಕೊಳ್ಳುತ್ತೆ. ಕೊನೆಗೆ ಬರೋದೇ ಅತಿ ಸೂಕ್ಷ್ಮದ ಕೆಲಸ, ಟೆಂಪರಿಂಗ್. ಮನೆಯಲ್ಲಿ ತುಪ್ಪ ಕಾಯಿಸಿದವರಿಗೆ ಇದು ಬೇಗ ತಿಳಿಯುತ್ತೆ. ತುಪ್ಪ ನಿಧಾನ ಆರಿದರೆ ಮರಳು ಮರಳು, ಫ್ರಿಜ್ಜಿನಲ್ಲಿಟ್ಟರೆ ಗಟ್ಟಿ ಮುದ್ದೆ. ಅದೇ ತುಪ್ಪ, ಹರಳು ಬೇರೆ. ಕೊಕ್ಕೊ ಬೆಣ್ಣೆಯೂ ಹೀಗೆ ಹಲವು ರೂಪದಲ್ಲಿ ಹರಳುಗಟ್ಟುತ್ತೆ. ಅದರಲ್ಲಿ ಒಂದೇ ಒಂದು ರೂಪ ಹೊಳೆಯುತ್ತೆ, ಮುರಿದರೆ ಟಕ್ ಅನ್ನುತ್ತೆ, 34 ಡಿಗ್ರಿ ಹತ್ತಿರ, ಅಂದ್ರೆ ನಮ್ಮ ಬಾಯಿಯ ಬಿಸಿಗೆ ಕರಗುತ್ತೆ. ಆ ರೂಪ ಬರುವಂತೆ ಹದವಾಗಿ ತಣಿಸಿ, ಮತ್ತೆ ಸ್ವಲ್ಪ ಬಿಸಿ ಮಾಡಿ ಅಚ್ಚಿಗೆ ಹೊಯ್ಯಬೇಕು. ಬೇಸಿಗೆಯಲ್ಲಿ ಅಂಗಡಿಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟ್ ಮೇಲೆ ಬೆಳ್ಳಗೆ ಬೂದಿ ಹಾಗೆ ಕಾಣುತ್ತಲ್ಲ, ಅದು ಬೂಸಲ್ಲ, ಹದ ತಪ್ಪಿದ ಬೆಣ್ಣೆ. ತಿನ್ನಬಹುದು, ಧೈರ್ಯವಾಗಿ.

ಅಗ್ಗದ ಎಷ್ಟೋ ಮಿಠಾಯಿಗಳಲ್ಲಿ ಈ ದುಬಾರಿ ಬೆಣ್ಣೆಯ ಬದಲು ತಾಳೆ ಎಣ್ಣೆಯಂಥ ಬೇರೆ ಕೊಬ್ಬು ಇರುತ್ತೆ. ಬಣ್ಣ ಅದೇ, ಆಕಾರ ಅದೇ. ಬಾಯಲ್ಲಿ ಮೇಣದ ಹಾಗೆ ಅಂಟಿಕೊಂಡರೆ ಗೊತ್ತು ಮಾಡಿಕೊಳ್ಳಿ.

ಕ್ಯಾಂಪ್ಕೊ ತನ್ನ ಹೆಸರಿನ ಬಾರ್ ಮಾಡಿತು, ಮಕ್ಕಳ ಮಿಠಾಯಿ ಮಾಡಿತು, ಕುಡಿಯುವ ಪುಡಿ ಮಾಡಿತು. ಜಾಹೀರಾತಿನಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಸಮಕ್ಕೆ ನಿಲ್ಲಲು ಅದಕ್ಕೆ ಆಗಲಿಲ್ಲ. ನೇರವಾಗಿ ಹೇಳ್ತೀನಿ, ನಮ್ಮಂಥ ಚಾನೆಲ್‌ಗಳಲ್ಲಿ ಒಂದು ಹತ್ತು ಸೆಕೆಂಡಿನ ಜಾಹೀರಾತಿನ ದರ ಕೇಳಿದರೆ ರೈತರ ಸಂಸ್ಥೆ ಎರಡು ಸಲ ಯೋಚಿಸಬೇಕು. ಹಾಗಾಗಿ ಮಂಗಳೂರು ಕಡೆಯ ಮಕ್ಕಳಿಗೆ ಗೊತ್ತಿರುವ ಹೆಸರು ಬೆಂಗಳೂರಿನ ಮಕ್ಕಳಿಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಪುತ್ತೂರಿನ ಕಾರ್ಖಾನೆ ನೆಸ್ಲೆಯಂಥ ದೊಡ್ಡ ಕಂಪನಿಗೂ ಚಾಕೊಲೇಟ್ ಮಾಡಿಕೊಟ್ಟಿದೆ. ವಿದೇಶಿ ಹೆಸರಿನ ಹೊದಿಕೆ ಬಿಚ್ಚಿ ನೀವು ತಿಂದದ್ದು ಪುತ್ತೂರಿನ ಮಾಲೇ ಇದ್ದಿರಬಹುದು! ಕಾರ್ಖಾನೆಯ ನಿಜವಾದ ಸಾಧನೆ ಅಂಗಡಿಯ ಶೆಲ್ಫಿನಲ್ಲಿ ಕಾಣೋದಲ್ಲ. ಹಸಿ ಬೀಜ ತಂದರೆ ಕೊಳ್ಳುವವರು ಒಬ್ಬರು ಇದ್ದಾರೆ ಅನ್ನುವ ಭರವಸೆ ಅದು. ಖಾಸಗಿಯವರು ಬೆಲೆ ಇಳಿಸುವ ಮುನ್ನ ಕ್ಯಾಂಪ್ಕೊ ಎಷ್ಟು ಕೊಡುತ್ತಿದೆ ಅಂತ ನೋಡಬೇಕಾಯಿತು.

ಇಂಥ ಆಸರೆ ಇಲ್ಲದ ಕಡೆ ಏನಾಗುತ್ತೆ ಅನ್ನೋದಕ್ಕೆ ಇತಿಹಾಸದಲ್ಲಿ ಒಂದು ಮೊಕದ್ದಮೆ ಇದೆ. ಪತ್ರಕರ್ತನಾಗಿ ನನಗೆ ಅದು ಬಹಳ ಇಷ್ಟ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಕ್ಯಾಡ್ಬರಿ ಕಂಪನಿ ಆಫ್ರಿಕಾದ ಪಶ್ಚಿಮಕ್ಕಿರುವ, ಪೋರ್ಚುಗೀಸರ ಹಿಡಿತದ ಸಾವೊ ಟೊಮೆ ದ್ವೀಪದಿಂದ ಬೀಜ ಕೊಳ್ಳುತ್ತಿತ್ತು. ಅಲ್ಲಿ ದುಡಿಯುವವರು ಹೆಸರಿಗೆ ಕೂಲಿಗಳು, ವಾಸ್ತವದಲ್ಲಿ ಗುಲಾಮರು. ಹೆನ್ರಿ ನೆವಿನ್ಸನ್ ಅನ್ನುವ ವರದಿಗಾರ ಆಫ್ರಿಕಾಕ್ಕೆ ಹೋಗಿ ಕಣ್ಣಾರೆ ನೋಡಿ ಬರೆದ. 1908ರಲ್ಲಿ ಲಂಡನ್ನಿನ ಸ್ಟ್ಯಾಂಡರ್ಡ್ ಪತ್ರಿಕೆ ಕಂಪನಿಯನ್ನು ಚುಚ್ಚಿತು. ಕಂಪನಿ ಮಾನನಷ್ಟ ಹಾಕಿತು. 1909ರಲ್ಲಿ ಜ್ಯೂರಿ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು. ಪರಿಹಾರ ಎಷ್ಟು ಗೊತ್ತಾ? ಒಂದು ಫಾರ್ದಿಂಗ್. ಒಂದು ಪೆನ್ನಿಯ ಕಾಲು ಭಾಗ. ಗೆದ್ದಿರಿ, ತಗೊಳ್ಳಿ ನಿಮ್ಮ ಮಾನದ ಬೆಲೆ! ಅಷ್ಟು ಹೊತ್ತಿಗೆ ಕಂಪನಿ ಆ ದ್ವೀಪದ ಬೀಜ ಕೊಳ್ಳುವುದನ್ನು ನಿಲ್ಲಿಸಿತ್ತು. ಇವತ್ತು ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬರುವುದು ಐವರಿ ಕೋಸ್ಟ್ ಮತ್ತು ಘಾನಾ, ಈ ಎರಡೇ ದೇಶದಿಂದ. ಅಲ್ಲಿ ಚಿಕ್ಕ ಚಿಕ್ಕ ಹಿಡುವಳಿಯ ಬಡ ರೈತರು, ತೋಟಗಳಲ್ಲಿ ಮಕ್ಕಳ ದುಡಿಮೆ ಇಂದಿಗೂ ಮುಗಿಯದ ಸುದ್ದಿ.

ಆ ಎರಡು ದೇಶಗಳಲ್ಲಿ ಹವಾಮಾನ ಕೆಟ್ಟು, ಮರಗಳಿಗೆ ರೋಗ ಬಿದ್ದು 2024ರಲ್ಲಿ ಇಳುವರಿ ಕುಸಿಯಿತು. ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ಯಾರೂ ಕೇಳರಿಯದ ಬೆಲೆ. ನಮ್ಮ ಟಿವಿಯಲ್ಲಿ ಚಿನ್ನದ ರೇಟು ಓಡುತ್ತಿತ್ತು, ಈರುಳ್ಳಿ ರೇಟು ಓಡುತ್ತಿತ್ತು, ಕೊಕ್ಕೊ ಎಲ್ಲೂ ಕಾಣಲಿಲ್ಲ. ಆದರೆ ಪುತ್ತೂರು, ಸುಳ್ಯ, ಬೆಳ್ತಂಗಡಿಯಲ್ಲಿ ಮನೆ ಮನೆಯ ಮಾತು ಅದೇ ಆಗಿತ್ತು. ಕಿಲೋಗೆ 60 ರೂಪಾಯಿ ಆಸುಪಾಸಿನಲ್ಲಿ ತೂಗಾಡುತ್ತಿದ್ದ ಹಸಿ ಬೀಜ ಆ ಬೇಸಿಗೆಯಲ್ಲಿ 300 ದಾಟಿತು. ಅಳಿಲು ತಿಂದ ಕಾಯಿ ಎಣಿಸಿ ಬೇಸರ ಪಟ್ಟವರಿದ್ದರು. 1980ರ ನಂತರ ಮರ ಕಡಿದ ಮನೆಗಳಲ್ಲಿ ಮೊಮ್ಮಕ್ಕಳು ನರ್ಸರಿಗೆ ಹೋಗಿ ಕೊಕ್ಕೊ ಸಸಿ ಕೇಳಿದರು.

ಮುಂದಿನ ವರ್ಷ ಪ್ರಪಂಚದ ಬೆಲೆ ಮತ್ತೆ ಜಾರಿತು, ಆ ಎತ್ತರದಿಂದ ಅರ್ಧಕ್ಕೂ ಕೆಳಗೆ. ನಮ್ಮ ದೇಶ ಬೆಳೆಯೋದು ವರ್ಷಕ್ಕೆ ಸುಮಾರು 30 ಸಾವಿರ ಟನ್ ಒಣ ಬೀಜ. ಅದು ನಮ್ಮ ಕಾರ್ಖಾನೆಗಳಿಗೇ ಸಾಲದು, ಉಳಿದದ್ದು ಆಮದು. ಹಾಗಾಗಿ ಬೇಡಿಕೆ ಇಲ್ಲ ಅನ್ನುವ ಮಾತೇ ಇಲ್ಲ. ಆದರೆ ಬೆಲೆ ಕಟ್ಟುವ ಕೈ ಇನ್ನೂ ಲಂಡನ್ ಮತ್ತು ನ್ಯೂಯಾರ್ಕಿನಲ್ಲೇ ಇದೆ. 2024ರ ಮಳೆಗಾಲದಲ್ಲಿ ನೆಟ್ಟ ಸಸಿ ಚೆನ್ನಾಗಿ ಕಾಯಿ ಬಿಡಲು ಮೂರು, ನಾಲ್ಕು ವರ್ಷ ಬೇಕು. 2028ರ ಮೇ ತಿಂಗಳಲ್ಲಿ, ಮಳೆ ಹನಿಯುವ ಮುನ್ನ, ಆ ಮರಗಳ ಮೊದಲ ದೊಡ್ಡ ಕೊಯ್ಲಿನ ಹಸಿ ಬೀಜ ಬಕೆಟ್ಟಿನಲ್ಲಿ ತುಂಬಿಕೊಂಡು ಯಾರೋ ಒಬ್ಬರು ಸ್ಕೂಟರ್ ಮೇಲೆ ಕ್ಯಾಂಪ್ಕೊ ಖರೀದಿ ಕೇಂದ್ರಕ್ಕೆ ಹೋಗುತ್ತಾರೆ. ಅವರಿಗೆ ಆವತ್ತೂ ಒಂದೆರಡು ದಿನದಷ್ಟೇ ಸಮಯ ಇರುತ್ತೆ.